ಸೂಜಿ ಮತ್ತು ಭಾವನ ಹಿಂಬಾಗಿಲು

ಸೂಜಿಯನ್ನು ನಾನು ಮೊದಲು ಕಂಡದ್ದು ಒಂದು ಸೋಮವಾರ ಬೆಳಿಗ್ಗೆ, ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ. ಕ್ರೀಡಾ ತಂಡದ ಮಕ್ಕಳ ಕೋಟಿನ ಮೇಲೆ ಹೊಸ ಬ್ಯಾಡ್ಜು ಹಾಕಿಸಬೇಕೆಂದು ತೀರ್ಮಾನವಾಗಿತ್ತು. ಚಿತ್ರವನ್ನು ಆರಿಸಲು ಮುಖ್ಯೋಪಾಧ್ಯಾಯಿನಿಯೂ ಸೇರಿ ಐದು ಜನರ ಸಮಿತಿ. ಅಲ್ಲೇ ಪಾಠ ಹೇಳುತ್ತಿದ್ದ ನಾನು ನಿವೃತ್ತನಾಗಿ ಆಗಲೇ ವರ್ಷವಾಗಿತ್ತು. ಕೈಬರಹ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಕರೆಸಿ, ಸಭೆಯ ನಡಾವಳಿ ಪುಸ್ತಕವನ್ನು ನನ್ನ ಮುಂದೆ ತಳ್ಳಿದ್ದರು.

ಒಳಗೆ ಬಂದವಳು ಐದಡಿಯೂ ಇಲ್ಲದ, ಸಣಕಲು ಮೈಯ, ನಲವತ್ತರ ಆಸುಪಾಸಿನ ಹೆಂಗಸು. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿ ಯಂತ್ರದಲ್ಲಿ ಎಂಬ್ರಾಯ್ಡರಿ ಹಾಕುವುದು ಅವಳ ಕಸುಬು. ಮೈಕಟ್ಟಿಗೋ ನಾಲಿಗೆಗೋ, ಯಾವುದಕ್ಕೆಂದು ತಿಳಿಯದು, ಚಿಕ್ಕಂದಿನಿಂದಲೂ ಎಲ್ಲರ ಬಾಯಲ್ಲಿ ಅವಳು ಸೂಜಿಯೇ. ಹಳೆಯ ಪತ್ರಿಕೆಯಲ್ಲಿ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ತೆರೆದ ಪುಸ್ತಕದೊಳಗಿಂದ ಒಂದು ಹಕ್ಕಿ ಮೇಲಕ್ಕೆ ಹಾರುತ್ತಿತ್ತು.

ಮುಖ್ಯೋಪಾಧ್ಯಾಯಿನಿ ಅದನ್ನು ನೋಡಿದರು. ಮೇಜಿನ ಖಾನೆಯನ್ನು ಎಳೆದು, ಇನ್ನೊಂದು ಬಟ್ಟೆ ತೆಗೆದು ಪಕ್ಕದಲ್ಲಿಟ್ಟರು. ಅದೇ ಪುಸ್ತಕ, ಅದೇ ಹಕ್ಕಿ, ರೆಕ್ಕೆಯಲ್ಲಿ ಅವೇ ಏಳು ಗರಿ.

"ಇದು ಶನಿವಾರವೇ ಬಂದಿದೆಯಲ್ಲಮ್ಮಾ."

"ಯಾರು ತಂದ್ರು, ಮೇಡಂ?"

"ನಾಲ್ಕು ರಸ್ತೆ ಸೇರೋ ಕಡೆ ದೊಡ್ಡ ಅಂಗಡಿ ಇದೆಯಲ್ಲ, ಅವರು."

ಆ ಅಂಗಡಿ ಅವಳ ಅಕ್ಕನ ಗಂಡನದು. ಸೂಜಿ ಎರಡೂ ಬಟ್ಟೆಯ ಗರಿಗಳನ್ನು ಬೆರಳಿಟ್ಟು ಎಣಿಸಿದಳು.

"ನಕಲು ಹೊಡೆಯೋದು ಮಕ್ಕಳಿಗೆ ಮಾತ್ರ ಬರುತ್ತೆ ಅಂದುಕೊಂಡಿದ್ದೆ," ಎಂದು ಗಣಿತದ ಮೇಷ್ಟರು ನಕ್ಕರು.

"ಸಾರ್, ಏಳನೇ ಗರಿ ನಾನು ಹಾಕಿದ್ದು. ಆರೇ ಇದ್ರೆ ಕಾಗೆ ಥರ ಕಾಣ್ತಿತ್ತು."

"ಅವರಿಗೂ ಹಾಗೇ ಕಂಡಿರಬಹುದು, ಬಿಡಮ್ಮ."

ನಾನು ಪುಸ್ತಕದಲ್ಲಿ ಬರೆದೆ: 'ಎರಡನೆಯ ಮಾದರಿಯು ಮೊದಲನೆಯದರ ನಕಲು ಎಂದು ಕಂಡುಬಂದಿತು.' ಎದುರುಗಡೆಯಿಂದ ತಲೆಕೆಳಗಾಗಿ ಕಾಣುತ್ತಿದ್ದ ಅಕ್ಷರಗಳನ್ನು ಅವಳು ಒಂದೊಂದಾಗಿ ಓದಿಕೊಂಡಳು.

"ಬರೀರಿ ಮೇಷ್ಟ್ರೇ, ಚೆನ್ನಾಗಿ ಒತ್ತಿ ಬರೀರಿ. ಇದೇ ಪುಟದಲ್ಲಿ, ಇದರ ಕೆಳಗೇ, ಇನ್ನೊಂದು ಸಾಲು ನಿಮ್ಮ ಕೈಯಲ್ಲೇ ಬರೆಸ್ತೀನಿ."

ಮುಖ್ಯೋಪಾಧ್ಯಾಯಿನಿ ನ್ಯಾಯವಂತೆ. ಇಬ್ಬರೂ ಬೇರೆ ಹೊಸ ಚಿತ್ರ ಮಾಡಿ, ನೀಲಿ ಕೋಟಿನ ಮೇಲೆ ಹೊಲಿದು, ಮುಂದಿನ ಶನಿವಾರ ಹತ್ತು ಗಂಟೆಗೆ ತರಬೇಕು. ಅಲ್ಲಿಗೆ ಮುಗಿಯಿತು ಎಂದರು. ಆದರೆ ಸೂಜಿ ಶಾಲೆಯ ಗೇಟು ದಾಟುವ ಮೊದಲೇ 'ನಕಲಿನವಳು' ಎಂಬ ಮಾತು ದಾಟಿಯಾಗಿತ್ತು. ದಾರದ ಅಂಗಡಿಯವನು ಅಂದು ಸಂಜೆಯೇ ಕೇಳಿದ: "ಏನಕ್ಕಾ, ಭಾವನ ಡಿಸೈನು ಎತ್ತಿಬಿಟ್ರಂತೆ?"

ಈ ಕಸುಬಿನಲ್ಲಿ ಬಟ್ಟೆ ಗಿರಾಕಿಯದು, ಯಂತ್ರ ಯಾರ ಬಳಿಯಾದರೂ ಇರುತ್ತದೆ. ತನ್ನದು ಎಂದು ಹೇಳಿಕೊಳ್ಳಲು ಇರುವುದು ಚಿತ್ರ ಒಂದೇ. ಅದೂ ಕದ್ದದ್ದು ಎಂದಾದರೆ ಅಂಗಡಿಯ ಬಾಗಿಲು ತೆರೆದೂ ಪ್ರಯೋಜನವಿಲ್ಲ.

ಭಾವನ ಅಂಗಡಿಯಲ್ಲಿಯೇ ಅವಳು ಕೆಲಸ ಕಲಿತದ್ದು. ಭಾವನಿಗೆ ಕತ್ತರಿ ಹಿಡಿಯುವ ಕೈ ಇತ್ತು, ಪೆನ್ಸಿಲು ಹಿಡಿಯುವ ಕೈ ಇರಲಿಲ್ಲ. ಹದಿನಾಲ್ಕು ವರ್ಷ ಅವಳು ಬಿಡಿಸಿದಳು, ಅವನು ಹೊಲಿಸಿದ, ಗಾಜಿನ ಕಪಾಟಿನಲ್ಲಿ ಅವನ ಹೆಸರು ಇತ್ತು. ಅವಳು ಬೇರೆಯಾಗಿ, ಎರಡು ಬೀದಿ ಆಚೆ ಒಂದು ಕೋಣೆಯ ಅಂಗಡಿ ತೆರೆದ ದಿನ ಭಾವ ಒಂದು ಕಂಪ್ಯೂಟರನ್ನು ಆಟೋದಲ್ಲಿ ತಂದು ಇಳಿಸಿದ. ಎಲ್ಲರಿಗೂ ಕಣ್ಣಲ್ಲಿ ನೀರು. ಅಕ್ಕ ಸೆರಗಿನಿಂದ ಮಾನಿಟರಿನ ಧೂಳು ಒರೆಸಿದಳು.

"ಚಿತ್ರ ಬಿಡಿಸೋ ಪ್ರೋಗ್ರಾಂ ಕೂಡ ಹಾಕಿಕೊಡ್ತೀನಿ, ಪುಕ್ಕಟೆ," ಎಂದು ಭಾವ ಪೆನ್ ಡ್ರೈವ್ ಸಿಕ್ಕಿಸಿದ್ದ. "ಈ ಆಂಟಿವೈರಸ್ ಸುಮ್ಮಸುಮ್ಮನೆ ಬೊಗಳುತ್ತೆ. ಅದನ್ನ ಆರಿಸಿಬಿಡು. ಯಾವಾಗಲೂ ಆರಿಸೇ ಇಟ್ಟಿರು."

ಸೂಜಿ ತನ್ನ ಕೈಯಾರೆ ಆರಿಸಿದಳು. ಒಂದಲ್ಲ, ಎರಡು ಸಲ ಕೆಂಪು ಎಚ್ಚರಿಕೆ ಬಂತು. ಎರಡು ಸಲವೂ 'ಪರವಾಗಿಲ್ಲ' ಎಂದು ಒತ್ತಿದಳು. ಆಮೇಲೆ ಒಂದೂವರೆ ವರ್ಷ ಅವಳು ಬಿಡಿಸಿದ ತೋಳಿನ ಬಳ್ಳಿ, ಕುತ್ತಿಗೆಯ ಹೂವು, ಎಲ್ಲ ಎರಡು ದಿನ ಮೊದಲೇ ಭಾವನ ಗಾಜಿನ ಕಪಾಟಿನಲ್ಲಿ ಕಾಣಿಸಿಕೊಳ್ಳುತ್ತಿದ್ದವು. ಒಂದೇ ಗುರುವಿನ ಬಳಿ ಕಲಿತವರ ಕೈ ಒಂದೇ ಥರ ಓಡುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಹಕ್ಕಿಯ ಏಳನೆಯ ಗರಿಗೆ ಆ ಸಮಾಧಾನ ಸಾಲಲಿಲ್ಲ. ಆ ಚಿತ್ರವನ್ನು ಅವಳು ಕಾಗದದ ಮೇಲೆ ಬಿಡಿಸಿಯೇ ಇರಲಿಲ್ಲ. ಲಾರಿ ಓಡಿಸುವ ಗಂಡ ಆ ವಾರ ಮನೆಯಲ್ಲೇ ಇರಲಿಲ್ಲ. ಅದನ್ನು ಕಂಡದ್ದು ಅವಳೂ ಆ ಕಂಪ್ಯೂಟರೂ ಮಾತ್ರ.

ಮಂಗಳವಾರ ಅವಳು ಕೈಕಟ್ಟಿಕೊಂಡು ಕಂಪ್ಯೂಟರಿನ ಎದುರು ಕುಳಿತಳು. ಯಾವ ಕೆಲಸವೂ ನಡೆಯುತ್ತಿರಲಿಲ್ಲ. ಆದರೂ ಇಂಟರ್‌ನೆಟ್ ಡಬ್ಬಿಯ ದೀಪ ಪಟಪಟನೆ ಮಿಟುಕುತ್ತಿತ್ತು, ಯಾರೋ ಒಳಗಿಂದ ಸಾಮಾನು ಸಾಗಿಸುತ್ತಿರುವ ಹಾಗೆ. ಅವಳು ಚಿಕ್ಕಪ್ಪನಿಗೆ ಫೋನು ಮಾಡಿದಳು.

ಚಿಕ್ಕಪ್ಪ ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದವರು. ರೇಡಿಯೋ ಹೋಗಿ ಟಿ.ವಿ. ಬಂತು, ಟಿ.ವಿ. ಹೋಗಿ ಕಂಪ್ಯೂಟರು ಬಂತು; ಚಿಕ್ಕಪ್ಪ ಎಲ್ಲದರ ಬೆನ್ನೂ ಬಿಚ್ಚಿದರು. ಬಂದವರು ಮೊದಲು ಇಂಟರ್‌ನೆಟ್ ತಂತಿಯನ್ನು ಕಿತ್ತರು. ಕನ್ನಡಕವನ್ನು ಹಣೆಗೇರಿಸಿ, ಕಂಪ್ಯೂಟರು ಶುರುವಾದಾಗಲೆಲ್ಲ ತಾವಾಗಿ ಎದ್ದು ಕೂರುವ ಪ್ರೋಗ್ರಾಂಗಳ ಪಟ್ಟಿಯನ್ನು ತೆಗೆದು, ಬೆರಳಿಟ್ಟು ಓದುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು.

"ಏನೇ ಸೂಜಿ, ನಿನ್ನ ಪ್ರಿಂಟರ್ ಎಲ್ಲಿ?"

"ಪ್ರಿಂಟರ್ ಎಲ್ಲಿದೆ ಚಿಕ್ಕಪ್ಪಾ? ಕೊಂಡೇ ಇಲ್ಲವಲ್ಲ."

"ಹಾಗಾದರೆ ಈ 'ಪ್ರಿಂಟರ್ ಸಹಾಯಕ' ಯಾರಿಗೆ ಸಹಾಯ ಮಾಡ್ತಿದಾನೆ?"

ಚಿಕ್ಕಪ್ಪ ಬಿಡಿಸಿ ಹೇಳಿದರು. ಪುಕ್ಕಟೆ ಪ್ರೋಗ್ರಾಮಿನ ಹೊಟ್ಟೆಯೊಳಗೆ ಇನ್ನೊಂದು ಅಡಗಿ ಬಂದಿದೆ. ಅದು ಏನನ್ನೂ ಕೆಡಿಸುವುದಿಲ್ಲ, ಗದ್ದಲ ಮಾಡುವುದಿಲ್ಲ. ಪರಿಚಯದ ಹೆಸರು ಇಟ್ಟುಕೊಂಡು ಮೂಲೆಯಲ್ಲಿ ಕೂತು, ಹಿಂಬಾಗಿಲನ್ನು ಒಳಗಿನಿಂದ ತೆರೆದಿಡುತ್ತದೆ, ಅಷ್ಟೆ. ಆ ಬಾಗಿಲ ಗುಟ್ಟು ಬಲ್ಲವನು ತನ್ನ ಮನೆಯಲ್ಲಿ ಕೂತು ನಿನ್ನ ಕಡತ ನೋಡಬಹುದು, ಒಯ್ಯಬಹುದು, ನೀನು ಒತ್ತುವ ಅಕ್ಷರವನ್ನೂ ಓದಬಹುದು. "ಮುಂಬಾಗಿಲಿಗೆ ನೀನು ಬೀಗ ಹಾಕಿಕೊಂಡು ಹೋಗ್ತಿದ್ದೆ. ಅವನು ಹಿಂದಿನಿಂದ ದಿನಾ ಬಂದು ಹೋಗ್ತಿದ್ದ. ನಾಯಿ ಬೊಗಳಬೇಕಿತ್ತು, ಅದರ ಬಾಯಿ ಕಟ್ಟಿದವಳು ನೀನೇ."

ಸೂಜಿ ಅಳಲಿಲ್ಲ.  ಮಾನಿಟರಿನ ಧೂಳು ಒರೆಸಿದ ಅಕ್ಕನ ಸೆರಗು ಅವಳ ಕಣ್ಣ ಮುಂದೆ ಬಂತು.

"ಈಗಲೇ ಕಿತ್ತು ಹಾಕ್ತೀನಿ," ಎಂದರು ಚಿಕ್ಕಪ್ಪ.

"ಬೇಡ, ಬಾಗಿಲು ಶನಿವಾರದವರೆಗೆ ಹಾಗೇ ಇರಲಿ."

"ಹುಚ್ಚು ಹಿಡಿದಿದೆಯಾ ನಿನಗೆ? ಕಂಡ ತಕ್ಷಣ ತಂತಿ ಕೀಳಬೇಕು, ಒರೆಸಬೇಕು. ನನ್ನ ಹತ್ರ ಬರೋ ಎಲ್ಲರಿಗೂ ಇದನ್ನೇ ಹೇಳೋದು."

"ಎಲ್ಲರಿಗೂ ಹೇಳಿ. ನನಗೆ ಮಾತ್ರ ನಾಲ್ಕು ದಿನ ಬಿಡಿ. ಹದಿನಾಲ್ಕು ವರ್ಷ ನನ್ನ ಕೈ ತಿಂದ, ಸಾಲದು ಅಂತ ಒಂದೂವರೆ ವರ್ಷ ನನ್ನ ಮನೆ ಹೊಕ್ಕ. ಕೊನೇಲಿ ನನ್ನನ್ನೇ ಕಳ್ಳಿ ಅನ್ನಿಸಿದ. ಅವನು ಅದೇ ಬಾಗಿಲಿಂದ ಬರಲಿ ಚಿಕ್ಕಪ್ಪಾ. ಬಂದು ಅಡಿಗೆ ಮಾಡಿಟ್ಟಿದ್ದನ್ನ ಬಡಿಸಿಕೊಂಡು ಹೋಗಲಿ."

ಚಿಕ್ಕಪ್ಪ ಅವಳನ್ನು ಚಿಕ್ಕಂದಿನಿಂದ ಬಲ್ಲವರು. ತಲೆ ಅಲ್ಲಾಡಿಸಿ, ಷರತ್ತು ಹಾಕಿದರು. ಗಿರಾಕಿಗಳ ಚಿತ್ರಗಳೆಲ್ಲ ಬೇರೆ ಕಡೆ ಹೋಗಬೇಕು. ಬ್ಯಾಂಕಿನದು, ಮೇಲ್‌ನದು, ಎಲ್ಲ ಪಾಸ್‌ವರ್ಡುಗಳನ್ನೂ ಈ ಯಂತ್ರದಲ್ಲಿ ಅಲ್ಲ, ತಮ್ಮ ಮನೆಯ ಕಂಪ್ಯೂಟರಿನಲ್ಲಿ ಕೂತು ಬದಲಿಸಬೇಕು. ಕಳ್ಳ ಪ್ರೋಗ್ರಾಮಿನ ಒಂದು ಪ್ರತಿಯನ್ನೂ, ಅದು ಯಾವ ವಿಳಾಸಕ್ಕೆ ಮಾತಾಡುತ್ತದೆ ಎಂಬ ಪಟ್ಟಿಯನ್ನೂ ಸಾಕ್ಷಿಗೆಂದು ತಾವು ಇಟ್ಟುಕೊಳ್ಳುವುದಾಗಿ ಹೇಳಿದರು. ನಿಜವಾದ ಕೆಲಸಕ್ಕೆ ಇಂಟರ್‌ನೆಟ್ಟಿನ ಗಾಳಿಯೇ ಸೋಕದ ತಮ್ಮ ಲ್ಯಾಪ್‌ಟಾಪನ್ನು ಬಿಟ್ಟುಹೋದರು. ಹೋಗುವಾಗ ತಂತಿಯನ್ನು ಮತ್ತೆ ಸಿಕ್ಕಿಸಿದರು.

ಅವಳು ಹೂಡಿದ್ದು ಏನೆಂದು ತಿಳಿಯಬೇಕಾದರೆ ಈ ಕಸುಬಿನ ಒಂದು ಪಾಠ ತಿಳಿಯಬೇಕು. ರೇಷ್ಮೆಯಂಥ ಹೊಳಪಿನ ದಾರವನ್ನು ಅಡ್ಡಡ್ಡ ಹೊಲಿದರೆ ಒಂದು ಹೊಳಪು, ಉದ್ದುದ್ದ ಹೊಲಿದರೆ ಇನ್ನೊಂದು. ಬಣ್ಣ ಒಂದೇ ಆದರೂ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಎರಡೂ ಬೇರೆಬೇರೆಯಾಗಿ ಕಾಣುತ್ತವೆ. ಅದಕ್ಕೇ ಬಲ್ಲವರು ಹೊಸ ಚಿತ್ರವನ್ನು ಮೊದಲು ಚಿಂದಿ ಬಟ್ಟೆಯ ಮೇಲೆ ಹೊಲಿದು, ಕಿಟಕಿಯ ಬಳಿ ಓರೆ ಮಾಡಿ ನೋಡುತ್ತಾರೆ. ಭಾವ ಇದನ್ನು ಎಂದೂ ಮಾಡಿದವನಲ್ಲ. "ಚಿಂದಿಗೆ ಹೊಲಿಯೋದು ಚಿಂದಿ ಜನ," ಎನ್ನುತ್ತಿದ್ದ. ಅವನ ಯಂತ್ರದ ಕೋಣೆಗೆ ಕಿಟಕಿಯೇ ಇಲ್ಲ. ನೆತ್ತಿಯ ಮೇಲೆ ನೇರಕ್ಕೆ ಟ್ಯೂಬ್‌ಲೈಟು. ಹದಿನಾಲ್ಕು ವರ್ಷ ಅದೇ ಬೆಳಕಿನ ಕೆಳಗೆ ಕೂತಿದ್ದವಳಿಗೆ ಇದು ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು?

ಬುಧವಾರ ಅವಳು ಹಳೆಯ ಕಂಪ್ಯೂಟರಿನಲ್ಲಿ ಒಂದು ಮರ ಬಿಡಿಸಿದಳು. ದುಂಡನೆಯ ಕಡುನೀಲಿ ನೆಲ, ಮೇಲ್ಭಾಗದಲ್ಲಿ ಬಂಗಾರದ ಎಲೆಗಳು, ಕೆಳಗೆ ಅಗಲಕ್ಕೆ ಖಾಲಿ ನೀಲಿ. ಮನಸ್ಸಿಟ್ಟು ಬಿಡಿಸಿದಳು, ಕೆಟ್ಟ ಚಿತ್ರಕ್ಕೆ ಕಳ್ಳನೂ ಕೈ ಹಾಕುವುದಿಲ್ಲ. ನೀಲಿ ನೆಲದ ಹೊಲಿಗೆಯನ್ನೆಲ್ಲ ಅಡ್ಡ ಓಡಿಸಿ, ಅದರ ನಡುವೆ ಮೂರು ಅಕ್ಷರಗಳ ಜಾಗದಲ್ಲಿ ಮಾತ್ರ ಉದ್ದ ಓಡಿಸಿದಳು. ಅದೇ ನೀಲಿ, ಅಷ್ಟೇ ಒತ್ತಾದ ಹೊಲಿಗೆ. ಪರದೆಯ ಮೇಲೆ ಬರೀ ನೀಲಿ.

"ಏನು ಬರೆದೆ?" ಎಂದು ಚಿಕ್ಕಪ್ಪ ಫೋನಿನಲ್ಲಿ ಕೇಳಿದರು.

"ಕಳವು."

"ಇನ್ನೂ ಖಾರವಾಗಿ 'ಕಳ್ಳ ಭಾವ' ಅಂತ ಬರೀಬಾರದಿತ್ತಾ?"

"ಒತ್ತಕ್ಷರ ದಾರದಲ್ಲಿ ಕೂರಲ್ಲ ಚಿಕ್ಕಪ್ಪಾ, ಮುದ್ದೆ ಆಗುತ್ತೆ."

ಕಡತಕ್ಕೆ 'ಶಾಲೆ ಹೊಸದು' ಎಂದು ಹೆಸರಿಟ್ಟು ಉಳಿಸಿ, ಕಂಪ್ಯೂಟರನ್ನು ಹಾಗೆಯೇ ಬಿಟ್ಟು, ಕುರ್ಚಿಯನ್ನು ಹಿಂದಕ್ಕೆಳೆದು ಕುಳಿತಳು. ಗುರುವಾರ ಮಧ್ಯಾಹ್ನ ಡಬ್ಬಿಯ ದೀಪ ಪಟಪಟನೆ ಮಿಟುಕತೊಡಗಿತು. ಅವಳು ಚಹಾ ಲೋಟ ಹಿಡಿದು ಅದನ್ನೇ ನೋಡುತ್ತಿದ್ದಳು. ಮಿಟುಕುವುದು ನಿಂತಾಗ ಲೋಟದಲ್ಲಿದ್ದುದನ್ನು ಒಂದೇ ಗುಟುಕಿಗೆ ಕುಡಿದಳು. ಅಷ್ಟು ರುಚಿಯಾದ ಚಹಾವನ್ನು ತಾನು ಜನ್ಮದಲ್ಲಿ ಕುಡಿದಿರಲಿಲ್ಲ ಎಂದು ಅವಳು ಈಗಲೂ ಹೇಳುತ್ತಾಳೆ.

ಶನಿವಾರ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಭಾವ ಬಂದು ಕೂತಿದ್ದ. ಇಸ್ತ್ರಿಯ ಅಂಗಿ, ಅತ್ತರಿನ ವಾಸನೆ. ಸೂಜಿ ಬಾಗಿಲಲ್ಲಿ ಕಾಣಿಸಿದ ಕೂಡಲೇ, "ಬಾಮ್ಮಾ, ಬಾ. ಈ ಸಲ ಏನು ತಂದಿದೀಯೋ, ನೋಡೋಣ," ಎಂದು ಎಲ್ಲರಿಗೂ ಕೇಳುವ ಹಾಗೆ ಅಂದ. "ಮೇಡಂ, ನಮ್ಮ ಹುಡುಗೀನೇ. ನಾನೇ ಕಲಿಸಿದ್ದು. ನೋಡಿ ನೋಡಿ ಕೈಗೆ ಅದೇ ಬಂದುಬಿಡುತ್ತೆ, ತಪ್ಪು ತಿಳೀಬೇಡಿ." ಗಣಿತದ ಮೇಷ್ಟರು ಮತ್ತೆ ನಕ್ಕರು.

ಭಾವನ ಕೋಟು ಮೊದಲು ಮೇಜಿಗೆ ಬಂತು. ಬಂಗಾರದ ಎಲೆಯ ಮರ. "ಅಬ್ಬಾ!" ಎಂದರು ಯಾರೋ. ನಿಜವಾಗಿಯೂ ಚೆಲುವಾಗಿತ್ತು; ಎಷ್ಟೆಂದರೂ ಅವಳದೇ ತಾನೆ. ಭಾವ ಸೂಜಿಯ ಕೈಯಲ್ಲಿದ್ದ ಪೊಟ್ಟಣವನ್ನು ನೋಡುತ್ತಾ ಮೀಸೆಯಡಿ ನಗುತ್ತಿದ್ದ. ಅದರೊಳಗೂ ಅದೇ ಮರವಿದೆ ಎಂದೂ, ಅದು ಹೊರಬಂದ ಮೇಲೆ ಇವಳ ಕಥೆ ಇಲ್ಲಿಗೆ ಮುಗಿಯಿತೆಂದೂ ಅವನ ಲೆಕ್ಕಾಚಾರ.

ಸೂಜಿ ಪೊಟ್ಟಣ ಬಿಚ್ಚಿದಳು. ಮರವಲ್ಲ; ಓಡುತ್ತಿರುವ ಒಂದು ಜೊತೆ ಪುಟ್ಟ ಕಾಲು, ಹಿಂದೆ ಮೂರು ಗೆರೆ ಗಾಳಿ. ಭಾವನ ಮೀಸೆ ಕೆಳಗಿಳಿಯಿತು.

"ಇವತ್ತು ಎರಡೂ ಬೇರೆ ಇವೆಯಲ್ಲ, ಒಳ್ಳೇದಾಯ್ತು," ಎಂದರು ಮುಖ್ಯೋಪಾಧ್ಯಾಯಿನಿ.

"ಬೇರೆ ಇಲ್ಲ ಮೇಡಂ. ಎರಡೂ ನನ್ನವೇ. ನಂಬೋದು ಬೇಡ, ಭಾವನ ಕೋಟನ್ನ ಕಿಟಕಿ ಹತ್ರ ತಗೊಂಡು ಹೋಗಿ ಸ್ವಲ್ಪ ಓರೆ ಮಾಡಿ. ಮೇಷ್ಟ್ರೇ, ನೀವೇ ಮಾಡಿ. ಕಂಡಿದ್ದನ್ನ ಜೋರಾಗಿ ಓದಿ."

ನಾನು ಎದ್ದು ಹೋಗಿ ಕೋಟನ್ನು ಬೆಳಕಿಗೆ ಓರೆಯಾಗಿ ಹಿಡಿದೆ. ನೀಲಿಯೊಳಗಿಂದ ನೀಲಿಯೇ ಎದ್ದು ಬಂದಂತೆ, ಮರದ ಬುಡದಲ್ಲಿ ಮೂರು ಅಕ್ಷರಗಳು ಥಟ್ಟನೆ ಹೊಳೆದವು. ನಲವತ್ತು ವರ್ಷ ಮಕ್ಕಳಿಗೆ ಗಟ್ಟಿಯಾಗಿ ಓದಲು ಕಲಿಸಿದ ದನಿಯಲ್ಲೇ "ಕಳವು," ಎಂದು ಓದಿದೆ.

 ಸೂಜಿ ಚಿಕ್ಕಪ್ಪನ ಲ್ಯಾಪ್‌ಟಾಪು ತೆರೆದು, ಅದರಲ್ಲಿ ಉಳಿಸಿಕೊಂಡಿದ್ದ ಮರದ ಕಡತವನ್ನು ತೆಗೆದು, ಅಕ್ಷರಗಳ ಜಾಗದಲ್ಲಿ ಹೊಲಿಗೆ ತಿರುಗಿದ್ದನ್ನು ತೋರಿಸಿದಳು. ಬುಧವಾರದ ಕಡತ ಗುರುವಾರ ಹೇಗೆ ಹೊರಹೋಯಿತು, ಉಡುಗೊರೆಯ ಕಂಪ್ಯೂಟರಿನ ಹೊಟ್ಟೆಯಲ್ಲಿ ಏನಿತ್ತು, ಎಲ್ಲವನ್ನೂ ದನಿ ಏರಿಸದೆ ಹೇಳಿದಳು.

"ಇದು... ಇದು ಯಾರೋ ಬೇಕಂತಲೇ..." ಎಂದ ಭಾವ.

"ಹೌದು ಭಾವಾ, ನಾನು ಬೇಕಂತಲೇ ಹೊಲಿದೆ. ನೀವು ಬೇಡಾ ಅನ್ನದೆ ತಗೊಂಡ್ರಿ. ಚಿಂದಿಗೆ ಒಂದು ಸಲ ಹೊಲಿದು ನೋಡಿದ್ರೆ ಸಾಕಿತ್ತು. ಚಿಂದಿ ಜನರ ಬುದ್ಧಿ ನಿಮಗೆಲ್ಲಿ ಬರಬೇಕು?"

ಈ ಸಲ ಗಣಿತದ ಮೇಷ್ಟರು ನಗಲಿಲ್ಲ. ಭಾವ ಕೋಟನ್ನು ಮೇಜಿನ ಮೇಲೆಯೇ ಬಿಟ್ಟು ಹೊರಟುಹೋದ. ಮುಖ್ಯೋಪಾಧ್ಯಾಯಿನಿ ಕೆಲಸ ನಿನ್ನದೇ ಎಂದರು. ಸೂಜಿ ಅದಕ್ಕೆ ಕೈ ಮುಗಿದಳೇ ಹೊರತು ಜಾಗ ಬಿಟ್ಟು ಕದಲಲಿಲ್ಲ. ನಡಾವಳಿ ಪುಸ್ತಕವನ್ನು ಹಳೆಯ ಪುಟಕ್ಕೆ ತಿರುಗಿಸಿ ನನ್ನ ಮುಂದಿಟ್ಟಳು. ನಾನು ಬರೆದೆ: 'ಮೇಲಿನ ಮಾತು ತಪ್ಪು. ಎರಡೂ ಮಾದರಿಗಳು ಈಕೆಯವೇ. ಮೊದಲು ತಂದವರು ಕದ್ದು ತಂದಿದ್ದರು.' ಅವಳು ತಲೆಕೆಳಗಾಗಿಯೇ ಓದಿ, "ಕ್ಷಮಿಸಿ ಅಂತಲೂ ಹಾಕಿ ಮೇಷ್ಟ್ರೇ," ಎಂದಳು. ಅದನ್ನೂ ಹಾಕಿದೆ.

ಅಂದು ಮಧ್ಯಾಹ್ನ ಚಿಕ್ಕಪ್ಪ ತಂತಿ ಕೀಳಲೆಂದು ಬಗ್ಗಿದ್ದರು. ಅಷ್ಟರಲ್ಲಿ ಪರದೆಯ ಮೇಲಿನ ಬಾಣ ತಾನಾಗಿಯೇ ಸರಿಯಿತು. ಯಾರೂ ಮೌಸು ಮುಟ್ಟಿರಲಿಲ್ಲ. ಬಾಣ ಅವಸರವಸರವಾಗಿ ಒಂದೊಂದು ಕಡತವನ್ನೂ ತೆರೆಯುತ್ತಾ, 'ಪ್ರಿಂಟರ್ ಸಹಾಯಕ' ಇದ್ದ ಕಡೆಗೆ ಓಡುತ್ತಿತ್ತು. ಭಾವ ಹೆಜ್ಜೆಗುರುತು ಅಳಿಸಲು ಬಂದಿದ್ದ.

"ಇರಿ ಚಿಕ್ಕಪ್ಪಾ." ಸೂಜಿ ಕುರ್ಚಿ ಎಳೆದುಕೊಂಡು, ಖಾಲಿ ಪುಟವೊಂದನ್ನು ತೆರೆದು ಟೈಪು ಮಾಡಿದಳು: 'ಭಾವಾ, ಊಟ ಆಯ್ತಾ?'

ಬಾಣ ನಿಂತಲ್ಲೇ ನಿಂತಿತು.

'ಅಳಿಸೋ ಕಷ್ಟ ತಗೋಬೇಡಿ. ಒಂದು ಪ್ರತಿ ಚಿಕ್ಕಪ್ಪನ ಬೀರುವಿನಲ್ಲಿದೆ. ಇನ್ನೊಂದು ಸಲ ನನ್ನ ಹೆಸರು ಎತ್ತಿದ ದಿನ ಪೊಲೀಸ್ ಠಾಣೆಗೆ ಹೋಗುತ್ತೆ.'

ಆಮೇಲೆ ಅವಳು ತನ್ನ ಕೈಯಾರೆ ತಂತಿಯನ್ನು ಕಿತ್ತಳು.

ಭಾನುವಾರವೆಲ್ಲ ಶುದ್ಧಿಯ ಕೆಲಸ. ಚಿಕ್ಕಪ್ಪ ತಮ್ಮ ಮನೆಯ ಶುದ್ಧ ಕಂಪ್ಯೂಟರಿನಲ್ಲಿ ಸಿದ್ಧಮಾಡಿ ತಂದ ಪೆನ್ ಡ್ರೈವಿನಿಂದಲೇ ಯಂತ್ರವನ್ನು ಎಬ್ಬಿಸಿದರು. ಒಳಗಿನ ಕಳ್ಳ ನಿದ್ದೆಯಲ್ಲಿರುವಾಗಲೇ ತಪಾಸಣೆ ನಡೆಯಬೇಕಂತೆ. ಒಂದಲ್ಲ, ಮೂರು ಸಿಕ್ಕವು: ಪ್ರಿಂಟರಿನ ವೇಷದ್ದು, ಅದನ್ನು ಕಿತ್ತರೆ ಮತ್ತೆ ನೆಡುವ ಅದರ ತಮ್ಮ, ಮತ್ತು ಎರಡನ್ನೂ ಹೊತ್ತು ತಂದ ಪುಕ್ಕಟೆ ಪ್ರೋಗ್ರಾಂ. "ಮೂರನ್ನೂ ಅಳಿಸಿದ್ರೆ ಸಾಕಲ್ವಾ?" ಎಂದಳು. "ಒಂದು ಸಲ ಹೊಕ್ಕವನು ಇನ್ನೆಲ್ಲಿ ಕಿಂಡಿ ಕೊರೆದಿದ್ದಾನೋ. ನಂಬಿಕೆ ಹೋದ ಮೇಲೆ ಗೋಡೆ ಸಮೇತ ಕೆಡವಬೇಕು," ಎಂದು ಚಿಕ್ಕಪ್ಪ ಇಡೀ ಡಿಸ್ಕನ್ನು ಒರೆಸಿ, ಎಲ್ಲವನ್ನೂ ಹೊಸದಾಗಿ ಹಾಕಿದರು. ಅವಳ ಚಿತ್ರಗಳನ್ನು ಮಾತ್ರ ಒಂದೊಂದಾಗಿ ತಪಾಸಣೆ ಮಾಡಿ ಒಳಗೆ ಬಿಟ್ಟರು. ಹಳೆಯ ಪ್ರೋಗ್ರಾಮು ಒಂದನ್ನೂ ಬಿಡಲಿಲ್ಲ. ಆಂಟಿವೈರಸ್ಸನ್ನು ಸೂಜಿಯೇ ಹೊತ್ತಿಸಿದಳು.

ಅಕ್ಕ ಬಂದದ್ದು ಸೋಮವಾರ. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು.

"ಒಳಗೆ ಕರೆದು ಹೇಳಬಹುದಿತ್ತಲ್ಲೇ. ಹತ್ತು ಜನರ ಮುಂದೆ ಮಾನ ತೆಗೆದೆಯಲ್ಲ."

"ನನ್ನ ಮಾನ ತೆಗೆದಾಗಲೂ ಹತ್ತೇ ಜನ ಇದ್ರು ಅಕ್ಕಾ. ಒಬ್ಬರು ಹೆಚ್ಚಿಲ್ಲ, ಒಬ್ಬರು ಕಡಿಮೆ ಇಲ್ಲ."

"ನಾನೇನು ಮಾಡಿದ್ದೆ?"

ಸೂಜಿ ಕುರ್ಚಿ ಒರೆಸಿ, "ಕೂತ್ಕೋ, ಚಹಾ ಮಾಡ್ತೀನಿ," ಎಂದಳು. ಅಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಳು.

ಇದೆಲ್ಲ ನಡೆದು ಆರು ವರ್ಷವಾಯಿತು. ಓಡುವ ಪುಟ್ಟ ಕಾಲುಗಳು ಈಗಲೂ ಶಾಲೆಯ ಕೋಟಿನ ಮೇಲಿವೆ. ಸೂಜಿಯ ಅಂಗಡಿ ಎರಡು ಕೋಣೆಯದಾಗಿದೆ. ತಿಂಗಳಿಗೊಮ್ಮೆ ಅವಳು ಬೀದಿಯ ಹೊಲಿಗೆ ಅಂಗಡಿಗಳಿಗೆಲ್ಲ ಹೋಗಿ, ಕಂಪ್ಯೂಟರಿನಲ್ಲಿ ತಾವಾಗಿ ಎದ್ದು ಕೂರುವ ಪ್ರೋಗ್ರಾಂಗಳ ಆ ಪಟ್ಟಿಯನ್ನು ತೆಗೆಸಿ ಬೆರಳಿಟ್ಟು ಓದುತ್ತಾಳೆ. ಪುಕ್ಕಟೆ ಪ್ರೋಗ್ರಾಂ ಹಾಕಿಸಿಕೊಂಡವರಿಗೆ ಅವಳ ಬಾಯಿಂದ ಬೀಳುವ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಭಾವನ ಕೋಟಿನ ಬ್ಯಾಡ್ಜಿಗೆ ಗಾಜಿನ ಕಟ್ಟು ಹಾಕಿಸಿ ಅಂಗಡಿಯ ಮುಂಗೋಡೆಗೆ ತೂಗುಹಾಕಿದ್ದಾಳೆ, ಬೇಕೆಂದೇ ಸ್ವಲ್ಪ ಓರೆಯಾಗಿ. ದಾರದ ಅಂಗಡಿಗೆ ಹೋಗಲು ಭಾವನಿಗೆ ಇರುವುದು ಇದೊಂದೇ ದಾರಿ. ಬೆಳಿಗ್ಗೆ ಹತ್ತರ ಬಿಸಿಲು ಬಿದ್ದಾಗ ಮೂರು ಅಕ್ಷರಗಳು ಬೀದಿಗೆ ಕಾಣುತ್ತವೆ. ಅವನು ಈಗ ಸಂಜೆ ಹೊತ್ತಿನಲ್ಲೇ ದಾರ ತರುತ್ತಾನಂತೆ. "ಸಾಕು ಮಾಡಮ್ಮಾ, ತೆಗೆದುಬಿಡು," ಎಂದು ನಾನೇ ಎರಡು ಸಲ ಹೇಳಿ ನೋಡಿದೆ. "ನಿಮ್ಮ ಪುಸ್ತಕದಲ್ಲಿ ಆ ಮೊದಲನೇ ಸಾಲು ಇನ್ನೂ ಇದೆಯಲ್ಲ ಮೇಷ್ಟ್ರೇ," ಎಂದಳು.

ಅಕ್ಕ ಬರುವುದು ಮಂಗಳವಾರ ಬೆಳಿಗ್ಗೆ. ಅವಳ ಹೆಜ್ಜೆಯ ಸದ್ದು ಬೀದಿಯ ತಿರುವಿನಲ್ಲಿ ಕೇಳಿಸಿದ ಕೂಡಲೇ ಸೂಜಿ ಎದ್ದು ಹೋಗಿ ಆ ಗಾಜಿನ ಕಟ್ಟನ್ನು ಗೋಡೆಯ ಕಡೆಗೆ ತಿರುಗಿಸುತ್ತಾಳೆ. ಇಬ್ಬರೂ ಚಹಾ ಕುಡಿಯುತ್ತಾರೆ, ನಗುತ್ತಾರೆ. ಅಕ್ಕ ತಿರುವು ದಾಟುವವರೆಗೂ ಬಾಗಿಲಲ್ಲಿ ನಿಂತು ನೋಡಿ, ಒಳಗೆ ಬಂದು, ಕಟ್ಟನ್ನು ಮತ್ತೆ ಬೀದಿಯ ಕಡೆಗೆ ತಿರುಗಿಸಿ, ಬೆರಳ ತುದಿಯಿಂದ ಓರೆಯನ್ನು ಸರಿಮಾಡುತ್ತಾಳೆ.